ನಮ್ಮ ಹೊಲದ ಚರಗ

ಸಜ್ಜೆ ರೊಟ್ಟಿ ಹಂಚಿಗೆ ಬಿದ್ದಾಗ ಮೊದಲು ಮೂಗಿಗೆ ಬಡಿಯುವುದು ಹಿಟ್ಟಿನ ವಾಸನೆಯಲ್ಲ, ಎಳ್ಳಿನದು. ರೊಟ್ಟಿಗೆ ಮೆತ್ತಿದ ಎಳ್ಳು ಚಟಚಟ ಸಿಡಿದು ಕಮ್ಮನೆಯ ಹೊಗೆ ಎದ್ದಿತೆಂದರೆ ನಾನು ಇದ್ದಲ್ಲಿ ಇರುವುದಿಲ್ಲ. ಜೇವರ್ಗಿಯ ಈ ಬಾಡಿಗೆ ಮನೆ, ಕೊಳಕೂರಿನ ನನ್ನ ಶಾಲೆ, ತಿದ್ದಬೇಕಾದ ಮಕ್ಕಳ ನೋಟ್‌ಬುಕ್ಕು ಎಲ್ಲ ಮರೆತು ಅತನೂರಿನ ಆಯಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಆಯಿ ಅಂದರೆ ನಮ್ಮವ್ವನ ಅವ್ವ. ಅವಳ ಬೆರಳಿಗೆ ಸುಡುವುದೇ ಗೊತ್ತಿರಲಿಲ್ಲ, ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತಿದ್ದಳು. ಎಳ್ಳಮವಾಸ್ಯೆ ಬರುವುದಕ್ಕೆ ಎರಡು ದಿನ ಮೊದಲೇ ಶುರುವಾಗುತ್ತಿದ್ದ ರೊಟ್ಟಿ ಬಡಿತದ ಸದ್ದು ಓಣಿಯ ಈ ತುದಿಯಿಂದ ಆ ತುದಿಯವರೆಗೂ ಕೇಳುತ್ತಿತ್ತು. ಇಷ್ಟು ನಿಜ. ಮುಂದೆ ಹೇಳುವುದರಲ್ಲಿ ಯಾವುದು ನಡೆದದ್ದು, ಯಾವುದು ನಾನೇ ಸೇರಿಸಿಕೊಂಡದ್ದು ಅನ್ನುವುದು ನನಗೇ ಸರಿಯಾಗಿ ತಿಳಿಯದು. ನಿಮಗೂ ಇಂಥದ್ದೊಂದು ಊರು ಇದ್ದರೆ, ಅದೂ ಈಗ ಇಲ್ಲವಾಗಿದ್ದರೆ, ನಾನು ಏನು ಹೇಳುತ್ತಿದ್ದೇನೆಂದು ತಿಳಿದೀತು.

ನಾವು ಇದ್ದದ್ದು ಆಳಂದದಲ್ಲಿ. ಅಪ್ಪ ಅಲ್ಲಿಯ ದವಾಖಾನೆಯಲ್ಲಿ ಕಂಪೌಂಡರ್. ರಜೆ ಅಂದರೆ ನನಗೂ ಅಕ್ಕನಿಗೂ ಒಂದೇ ದಾರಿ: ಅಫಜಲಪುರದ ಬಸ್ಸು, ಅಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಅವ್ವನ ಸೆರಗು ಹಿಡಿದು ಅತನೂರಿನ ನಮ್ಮ ಓಣಿ. ಆಯಿಯ ಮನೆ ಚಿಕ್ಕದು. ಮಣ್ಣಿನ ಮಾಳಿಗೆ, ಕಾಲಿಗೆ ತಣ್ಣಗೆ ಹತ್ತುವ ಪರಸಿ ಕಲ್ಲಿನ ನೆಲ, ಗೋಡೆಯ ಮೇಲೆ ಕಣ್ಣುಮುಚ್ಚಿ ಕೂತ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಫೋಟೊ. ಫೋಟೊದ ಗಾಜನ್ನು ದಿನಾ ಒರೆಸುವ ಕೆಲಸ ಮುತ್ಯಾನದು. ಮುತ್ಯಾ, ಅಂದರೆ ಅವ್ವನ ಅಪ್ಪ, ಹೆಸರು ಲಚ್ಚಪ್ಪ. ಮಾತು ಕಡಿಮೆ, ಹೆಗಲ ಮೇಲೆ ಯಾವಾಗಲೂ ಕಂಬಳಿ, ಮೈಯಿಂದ ಬೀಡಿ ಮತ್ತು ಹಸಿ ಮಣ್ಣಿನ ವಾಸನೆ. ಈಗ ಆ ಮನೆ ಇಲ್ಲ. ಒಂದು ಮಳೆಗಾಲದಲ್ಲಿ ಮಾಳಿಗೆ ಕುಸಿಯಿತು, ಕಲ್ಲುಗಳನ್ನು ಯಾರುಯಾರೋ ಒಯ್ದರು, ನಾವೂ ಬೇಡವೆನ್ನಲಿಲ್ಲ.

ಎಳ್ಳಮವಾಸ್ಯೆಯ ಬೆಳಿಗ್ಗೆ ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ ಹೊರಡುತ್ತಿದ್ದೆವು. ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ, ಎಲ್ಲ ಕಾಳು ಎಲ್ಲ ಸೊಪ್ಪು ಒಟ್ಟಿಗೆ ಕುದಿಸಿ ಹುಣಸೆಹುಳಿ ಹಿಂಡಿದ ಭಜ್ಜಿ. ಕಪ್ಪು ಮಣ್ಣು ಇಬ್ಬನಿ ಕುಡಿದು ಮೆತ್ತಗಾಗಿರುತ್ತಿತ್ತು, ಜೋಳದ ತೆನೆ ತಲೆಯ ಮೇಲೆ ತೂಗುತ್ತಿತ್ತು. ಹೊಲದ ನಡುವೆ ಒಂದು ಬನ್ನಿ ಗಿಡ. ಅದರ ಬುಡದಲ್ಲಿ ಮುತ್ಯಾ ಐದು ಕಲ್ಲು ಇಟ್ಟು ಸುಣ್ಣ ಹಚ್ಚುತ್ತಿದ್ದ, ಆಮೇಲೆ ಭಜ್ಜಿ-ರೊಟ್ಟಿ ಕಲೆಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಿದ್ದ. ಭೂಮಿತಾಯಿಗೆ ಊಟ. ಒಂದು ಸಲ ಅಪ್ಪ, "ನಾವು ಬುದ್ಧರ ಮಂದಿ, ಕಲ್ಲಿಗ್ಯಾಕ ಕೈ ಮುಗೀಬೇಕ್ರಿ ಮಾಮಾ?" ಅಂದಿದ್ದರು. "ಕಲ್ಲಿಗಲ್ಲಪ್ಪಾ, ಮಣ್ಣಿಗೆ," ಅಂದ ಮುತ್ಯಾ. "ವರ್ಷಾನಗಟ್ಲೆ ಉಣಿಸಿದಾಕಿಗಿ ಒಂದಿನ ನಾವು ಉಣಿಸಬ್ಯಾಡೇನು?" ಅಪ್ಪ ಚಪ್ಪಲಿ ಬಿಟ್ಟು ಅವನ ಹಿಂದೆ ನಡೆದರು. ನಮ್ಮ ಹೊಲ ಅಂದರೆ ನನಗೆ ಅಷ್ಟು ಸೊಕ್ಕು. ಆಳಂದದ ಗೆಳತಿಯರಿಗೆ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದೆ.

ಆ ದಿನ ನಮ್ಮ ಹೊಲಕ್ಕೆ ಪ್ರತಿ ವರ್ಷವೂ ಅತಿಥಿಗಳು ಬರುತ್ತಿದ್ದರು. ಎತ್ತಿನ ಬಂಡಿ ಕಟ್ಟಿಕೊಂಡು ಗೌಡರ ಮನೆಯವರು. ಅವರು ಗಿಡದ ಆ ಕಡೆ ಜಮಖಾನೆ ಹಾಸಿ ಕೂರುತ್ತಿದ್ದರು, ನಾವು ಈ ಕಡೆ. ಅವರ ಬುಟ್ಟಿ ಅವರದು, ನಮ್ಮದು ನಮಗೆ. ಬಂದವರು ನಾಚಿಕೊಂಡು ದೂರ ಕೂರುತ್ತಾರೆ ಎಂದುಕೊಂಡಿದ್ದೆ. ಅವರ ಊಟ ಮುಗಿಯುವವರೆಗೂ ಆಯಿ ಒಂದು ತುತ್ತನ್ನೂ ಬಾಯಿಗೆ ಇಡುತ್ತಿರಲಿಲ್ಲ, ಅದನ್ನೂ ಉಪಚಾರ ಎಂದೇ ತಿಳಿದಿದ್ದೆ. ಮೂರನೇ ಇಯತ್ತೆಯಲ್ಲಿದ್ದಾಗಲೋ ನಾಲ್ಕನೆಯದರಲ್ಲೋ, ನಾನು ನಮ್ಮ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಮೇಲೆ ಭಜ್ಜಿ ಹಾಕಿ, ಸೀದಾ ಗಿಡ ದಾಟಿ ಗೌಡಸಾನಿಯ ಮುಂದೆ ಹೋಗಿ ಹಿಡಿದೆ. "ಉಣ್ರಿ, ನಾಚಬ್ಯಾಡ್ರಿ. ನಮ್ಮ ಹೊಲಕ್ಕ ಬಂದವರು ಹಸ್ದು ಹೋಗಬಾರ್ದು."

ಮುತ್ಯಾ ಎದ್ದು ನಿಂತ. ಗೌಡಸಾನಿ ನನ್ನ ಮುಖ ನೋಡಿದಳು, ಮುತ್ಯಾನ ಕಡೆ ನೋಡಿದಳು, ಆಮೇಲೆ ಕೈ ಚಾಚಿದಳು. "ನಿಮ್ಮ ಹೊಲಕ್ಕ ಬಂದು ಉಣ್ಣಲಾರದ ಹೋದ್ರ ಹ್ಯಾಂಗವ್ವಾ," ಅಂದಳು. ನನ್ನ ನೆನಪಿನಲ್ಲಿ ಅವಳು ಅಲ್ಲೇ ರೊಟ್ಟಿ ಮುರಿದು ಉಂಡಳು, ಗಲ್ಲದ ಮೇಲೆ ಒಂದು ಎಳ್ಳು ಅಂಟಿಕೊಂಡಿತ್ತು. ಅವ್ವನ ಪ್ರಕಾರ ಅವಳು ಉಣ್ಣಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಒಯ್ದಳು, ದಾರಿಯಲ್ಲಿ ಎತ್ತಿಗೆ ಹಾಕಿರಬೇಕು. ಅಕ್ಕನಂತೂ, "ಇಂಥಾದ್ದೇನೂ ಆಗೇ ಇಲ್ಲ, ನೀ ಕಥಿ ಕಟ್ಟಾಕತ್ತೀದಿ," ಅನ್ನುತ್ತಾಳೆ. ಮೂವರೂ ಅದೇ ಗಿಡದ ನೆರಳಲ್ಲಿ ಕೂತವರು.

ಮುತ್ಯಾ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಮಣ್ಣು ಮುಗಿಸಿ ಬಂದ ಸಂಜೆ, "ಹೊಲ ಇನ್ನ ಯಾರು ನೋಡ್ಕೋತಾರ?" ಎಂದು ಕೇಳಿದೆ. ಅಳುತ್ತಿದ್ದ ಅವ್ವ ತಲೆ ಎತ್ತಿದಳು. "ಯಾವ ಹೊಲ ಬೇ?" ಅಂದಳು. ಅದು ಗೌಡರದು, ಮುತ್ಯಾ ಹುಡುಗನಾಗಿದ್ದಾಗಿನಿಂದ ಪಾಲಿಗೆ ಮಾಡುತ್ತಿದ್ದ. ಅಕ್ಕನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರಲ್ಲ, ಕೈ ಮುತ್ಯಾಂದು, ಬಾಯಿ ಗೌಡರದು," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವತ್ತು ಮುತ್ಯಾ ಎದ್ದು ನಿಂತದ್ದು ಹೆಮ್ಮೆಗೋ, ಹೆದರಿಯೋ? ಗೌಡಸಾನಿ ಆಡಿದ್ದು ಮಮತೆಯ ಮಾತೋ, ಅಣಕವೋ? ಮನೆಯಲ್ಲಿ ಯಾರೂ ನನ್ನನ್ನು ತಿದ್ದಲಿಲ್ಲವಲ್ಲ, ಅದು ನನ್ನ ಮೇಲಿನ ಪ್ರೀತಿಗೋ, ಅವರಿಗೂ ಒಂದು ದಿನದ ಮಟ್ಟಿಗೆ ‘ನಮ್ಮ ಹೊಲ’ ಅನ್ನುವುದನ್ನು ಕೇಳಿಸಿಕೊಳ್ಳುವ ಆಸೆ ಇತ್ತೋ? ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು ಯಾರದೋ ಮಣ್ಣಿನ ಮೇಲೆ ಕಳೆದವು ಎಂದಾದರೆ ಆ ಸುಖವನ್ನು ನನ್ನದು ಅನ್ನಬಹುದೇ ಎಂದು ನಾನು ಬಹಳ ವರ್ಷ ಕೊರಗಿದ್ದೇನೆ. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟೆ.

ಈ ವರ್ಷ ಎಳ್ಳಮವಾಸ್ಯೆಗೆ ಅವ್ವನೇ ಹಟ ಹಿಡಿದಳು. ಈಗ ಅವಳು ನನ್ನ ಜೊತೆಗೇ ಇದ್ದಾಳೆ. "ಒಮ್ಮಿ ಹೋಗಿ ಚರಗ ಚೆಲ್ಲಿ ಬರೂಣು," ಅಂದಳು. ನಮ್ಮದಲ್ಲದ ಹೊಲಕ್ಕೆ ಎಂಥ ಚರಗ ಎಂದು ಕೇಳಬೇಕೆಂದಿದ್ದೆ. ರೊಟ್ಟಿ ಸುಟ್ಟೆ, ಭಜ್ಜಿ ಮಾಡಿದೆ, ಹೋದೆವು. ಹೋದರೆ ಹೊಲವೇ ಸಿಗಲೊಲ್ಲದು. ಜೋಳವಿದ್ದಲ್ಲಿ ಕಬ್ಬು, ಕಬ್ಬಿನಾಚೆ ತೊಗರಿ, ಬನ್ನಿ ಗಿಡ ಎಲ್ಲಿಯೂ ಕಾಣಲಿಲ್ಲ. ಅವ್ವ ಬಲಕ್ಕೆ ಕೈ ತೋರಿಸಿದರೆ ನನಗೆ ಎಡಕ್ಕೆ ಅನಿಸುತ್ತಿತ್ತು. ಬದುವಿನ ಮೇಲೆ ಸುಮ್ಮನೆ ನಿಂತಿದ್ದಾಗ ತೊಗರಿಯ ಕಡೆಯಿಂದ ಒಬ್ಬ ಟ್ರ್ಯಾಕ್ಟರ್ ನಡೆಸಿಕೊಂಡು ಬಂದ. ಮೂವತ್ತರ ಆಸುಪಾಸಿನವನು, ಮೂಗು ಥೇಟ್ ಗೌಡಸಾನಿಯದೇ ಎಂದು ನನಗೆ ಅನಿಸಿತು, ಅದೂ ನಿಜವೋ ಏನೋ.

"ಈ ಹೊಲ ಯಾರದ್ರಿ?" ಎಂದು ಕೇಳಿದೆ.

"ನಮ್ಮದೇ ರೀ. ಲಚ್ಚಪ್ಪನ ಹೊಲ."

ನಮ್ಮ ಮುತ್ಯಾನ ಹೆಸರು. "ಲಚ್ಚಪ್ಪ ಅಂದ್ರ ನಿಮ್ಮ ಮುತ್ಯಾ ಏನ್ರಿ?"

"ಅಲ್ರಿ. ಯಾರೋ ಏನೋ, ನಮಗೂ ಗೊತ್ತಿಲ್ರಿ. ಊರಾಗ ಮೊದಲಿಂದ ಹಂಗ ಅಂತಾರ, ನಾವೂ ಅಂತೀವಿ."

ನಾನು ಅವ್ವನ ಮುಖ ನೋಡಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ನನ್ನ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಮೇಲೆ ಭಜ್ಜಿ ಹಾಕಿ, ಅವನ ಮುಂದೆ ಹಿಡಿದಳು. "ಉಣ್ಣಪ್ಪಾ. ನಮ್ಮ ಹೊಲಕ್ಕ ಬಂದವರು ಹಸ್ದು ಹೋಗಬಾರ್ದು."

ಅವನು ತಬ್ಬಿಬ್ಬಾದ. ಯಾರ ಹೊಲ ಎಂದು ಕೇಳಿಬಿಡುತ್ತಾನೆ ಎಂದುಕೊಂಡೆ. ಅವನು ಕೇಳಲಿಲ್ಲ. ಟ್ರ್ಯಾಕ್ಟರಿನಿಂದ ಇಳಿದು, ಕೈ ಒರೆಸಿಕೊಂಡು, ಬದುವಿನ ಮೇಲೆ ಕೂತು, ರೊಟ್ಟಿ ಮುರಿದು ಬಾಯಿಗಿಟ್ಟ. ಉಣ್ಣುತ್ತಲೇ, "ಯಾರ ಮನಿಯವರ್ರಿ ನೀವು?" ಅಂದ.

"ಇದೇ ಹೊಲದವರಪ್ಪಾ," ಅಂದಳು ಅವ್ವ. ಉಳಿದ ಭಜ್ಜಿ-ರೊಟ್ಟಿಯನ್ನು ಕಲೆಸಿಕೊಂಡು ತೊಗರಿಯೊಳಗೆ ಇಳಿದು ಚರಗ ಚೆಲ್ಲತೊಡಗಿದಳು. ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ನಡೆದೆ.