ಎರಡು ಹಲೋ ಅಕ್ಕ

ನನ್ನ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಎರಡು ಹಲೋ ಅಕ್ಕ’ ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಹಾಗನ್ನುವ ಧೈರ್ಯ ಸೂಪರಿಂಟೆಂಡೆಂಟರಿಗೂ ಇರಲಿಲ್ಲ. ಟೆಲಿಫೋನ್ ಬೋರ್ಡಿನ ಮುಂದೆ ಅವರು ಕೂತರೆ ಕೂತರು. ಊಟದ ಡಬ್ಬಿ ಅಲ್ಲೇ, ಹೆಣಿಗೆ ಅಲ್ಲೇ, ಜಗಳವೂ ಅಲ್ಲೇ. ಕರೆ ಬಂದರೆ ಬೋರ್ಡಿನಲ್ಲಿ ಒಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು. ಅತ್ತೆ ಗುಂಡಿ ಒತ್ತುತ್ತಿದ್ದರು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಆ ಕಡೆಯವರು ‘ಹಲೋ’ ಎನ್ನುತ್ತಿದ್ದರು. ಇವರು ಸುಮ್ಮನೆ. ಅವರು ಗಾಬರಿಯಿಂದಲೋ ಸಿಟ್ಟಿನಿಂದಲೋ ಇನ್ನೊಮ್ಮೆ ‘ಹಲೋ!’ ಎಂದ ಮೇಲೆಯೇ ಇವರ ಬಾಯಿಂದ ‘ಆಸ್ಪತ್ರೆ, ಹೇಳಿ’ ಎಂಬ ಮಾತು ಹೊರಡುತ್ತಿತ್ತು.

“ಏನಮ್ಮಾ ಇದು? ಅರ್ಜೆಂಟ್ ಇರೋರು ಏನು ಮಾಡ್ಬೇಕು?” ಎಂದು ಸೂಪರಿಂಟೆಂಡೆಂಟ್ ಒಂದು ಸಲ ಕೇಳಿದ್ದರಂತೆ.

“ಅರ್ಜೆಂಟ್ ಇರೋರು ಇನ್ನೊಂದು ಸಲ ಕೂಗೇ ಕೂಗ್ತಾರೆ ಸಾರ್,” ಎಂದು ಇವರು ಹೆಣಿಗೆಯಿಂದ ತಲೆ ಎತ್ತದೆ ಉತ್ತರಿಸಿದ್ದರಂತೆ.

ನಾನು ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದೆ. ಕೆಲಸ ಕೊಡಿಸಿದ್ದು ಅತ್ತೆಯೇ. ಅವರು ಮದುವೆಯಾಗಿರಲಿಲ್ಲ. ಅವರ ಮನೆಯಲ್ಲಿ ನಾನು, ಅವರು, ಅವರ ತಾಯಿ, ಅಂದರೆ ನನ್ನ ಅಜ್ಜಿ, ಮೂರೇ ಜನ. ಈ ಎರಡು ಹಲೋ ಕಟ್ಟಳೆ ಎಲ್ಲಿಂದ ಬಂತು ಎಂಬುದು ಆಸ್ಪತ್ರೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ನನ್ನ ಅಜ್ಜ ದೋಣಿ ನಡೆಸುತ್ತಿದ್ದವರು. ಸೇತುವೆ ಆಗುವ ಮೊದಲು ಹೊಳೆ ದಾಟಲು ಅದೊಂದೇ ದಾರಿ. ಆಚೆ ದಡದಲ್ಲಿ ನಿಂತವರು ಕೈಯನ್ನು ಬಾಯಿಗೆ ಅಡ್ಡ ಹಿಡಿದು ‘ಹೋ…’ ಎಂದು ಕೂಗಬೇಕು, ಈಚೆಯಿಂದ ಅಜ್ಜ ಹೊರಡಬೇಕು. ದೋಣಿಯವರಲ್ಲೆಲ್ಲ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮಂಜಿನಲ್ಲಿ ಒಂದೇ ಸಲ ಕೂಗು ಕೇಳಿದರೆ ಹೊರಡಬಾರದು. ಮನುಷ್ಯರಾದರೆ, ದೋಣಿ ನಿಜವಾಗಿ ಬೇಕಿದ್ದರೆ, ಇನ್ನೊಂದು ಸಲ ಕೂಗುತ್ತಾರೆ. ಒಂದೇ ಸಲ ಕೂಗಿ ಸುಮ್ಮನಾಗುವುದು ಯಾವುದು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಕೇಳಿದ ಮಕ್ಕಳ ತಲೆಗೊಂದು ಮೊಟಕು ಬೀಳುತ್ತಿತ್ತು, ಅಷ್ಟೆ.

ಅತ್ತೆ ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ಹೊಳೆಯ ಮೇಲೆ ದಟ್ಟ ಮಂಜು ಕೂತಿತ್ತು. ಆಚೆಯಿಂದ ಕೂಗು ಬಂತು, ಮತ್ತೊಮ್ಮೆ ಬಂತು. ಪದ್ಧತಿಗೆ ಸರಿಯಾಗಿಯೇ ಅಜ್ಜ ಹೊರಟರು. ಸ್ವಲ್ಪ ಹೊತ್ತಿಗೆ ದೋಣಿ ತಾನಾಗಿ ಮಂಜಿನೊಳಗಿಂದ ತೇಲಿ ಬಂದು ದಡಕ್ಕೆ ಮೂಗು ತಾಗಿಸಿ ನಿಂತಿತು. ದೋಣಿ ನೂಕುವ ಗಳ ಅದರಲ್ಲೇ ಅಡ್ಡಡ್ಡ ಬಿದ್ದಿತ್ತು. ಅಜ್ಜ ಇರಲಿಲ್ಲ. ಅಜ್ಜಿ, ಅತ್ತೆ ಇಬ್ಬರೂ ದಡದಲ್ಲಿ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದಾಗಲೇ ಮಂಜಿನ ಒಳಗೆಲ್ಲಿಂದಲೋ ಅಜ್ಜನ ದನಿ, ‘ಹೋ…’. ಒಂದೇ ಸಲ.

ಅತ್ತೆ ದೋಣಿಗೆ ಹಾರಲು ಹೊರಟರಂತೆ. ಅಜ್ಜಿ ಬಾಚಿ ತಬ್ಬಿ ಹಿಡಿದುಕೊಂಡರಂತೆ. “ತಡಿ. ಇನ್ನೊಂದು ಸಲ ಕೂಗ್ಲಿ. ಅವರೇ ಆದ್ರೆ ಇನ್ನೊಂದು ಸಲ ಕೂಗ್ತಾರೆ.” ಇಬ್ಬರೂ ಕಾದರು. ಕತ್ತಲಾಗುವವರೆಗೂ ಕಾದರು. ಇನ್ನೊಂದು ಕೂಗು ಬರಲೇ ಇಲ್ಲ. ಮಾರನೆಯ ದಿನ ಊರವರೆಲ್ಲ ಇಳಿದು ಹುಡುಕಿದರೂ ಅಜ್ಜನ ಒಂದು ಚಪ್ಪಲಿಯೂ ಸಿಗಲಿಲ್ಲ. “ಅದು ಅವರ ದನಿ ಅಲ್ಲ, ಅವರ ಹಾಗೆ ಕೂಗಿದ್ದು,” ಎಂದು ಅಜ್ಜಿ ಅಂದು ಹೇಳಿದ್ದನ್ನೇ ಕೊನೆಯವರೆಗೂ ಹೇಳುತ್ತಿದ್ದರು. ಆ ಮಾತನ್ನು ಊರುಗೋಲು ಮಾಡಿಕೊಂಡೇ ಅವರು ಬದುಕಿದ್ದರು. ಅತ್ತೆ ಅದಕ್ಕೆ ಹೂಂ ಎಂದದ್ದನ್ನಾಗಲಿ, ಊಹೂಂ ಎಂದದ್ದನ್ನಾಗಲಿ ನಾನು ಕೇಳಿಲ್ಲ.

ಇಂಥ ಮನೆಯ ಹುಡುಗಿಗೆ ಸಿಕ್ಕ ಕೆಲಸ ನೋಡಿ, ದಿನವಿಡೀ ಕಾಣದ ಜನರ ಕೂಗಿಗೆ ಓಗೊಡುವುದು!

ಆ ವರ್ಷ ಗಂಡಸರ ವಾರ್ಡಿಗೆ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬಂದು ಸೇರಿದರು. ರಕ್ತದೊತ್ತಡ. ಹಾಸಿಗೆಯಲ್ಲಿ ಮಲಗಿರಿ ಎಂದರೆ ಕೇಳುವ ಜನ್ಮವಲ್ಲ. ಕೋಲು ಊರಿಕೊಂಡು, ಮುಚ್ಚಿದ ಹಳೇ ಕಟ್ಟಡವನ್ನೂ ಬಿಡದೆ, ಕಾರಿಡಾರುಗಳನ್ನೆಲ್ಲ ಸುತ್ತುತ್ತಿದ್ದರು, ಕೊನೆಗೆ ಮಗಳಿಗೆ ಫೋನ್ ಮಾಡುವ ನೆಪದಲ್ಲಿ ಅತ್ತೆಯ ಕೋಣೆಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಅತ್ತೆಗೂ ಅವರೆಂದರೆ ಇಷ್ಟ. ನಾನು ಇದನ್ನು ಹೇಳಿ ರೇಗಿಸಿದರೆ ಹೆಣಿಗೆ ಕಡ್ಡಿ ತೋರಿಸಿ ಹೆದರಿಸುತ್ತಿದ್ದರು.

ಒಂದು ದಿನ ನಾನು ಅಲ್ಲಿದ್ದಾಗಲೇ ಮೇಷ್ಟ್ರು ಕೇಳಿದರು, “ಅಲ್ಲಮ್ಮಾ, ದಿನಾ ಇಷ್ಟೊಂದು ಹಲೋ ಕೇಳಿಸಿಕೊಳ್ತೀಯಲ್ಲ, ಅದರ ಅರ್ಥ ಏನು ಅಂತ ಯಾವತ್ತಾದ್ರೂ ಯೋಚಿಸಿದೀಯಾ?”

“ಹಲೋ ಅಂದ್ರೆ ಹಲೋ, ಅದಕ್ಕೇನು ಅರ್ಥ?” ಎಂದೆ ನಾನು.

“ಇದೆ ಮಗೂ. ನಮಸ್ಕಾರ ಅನ್ನೋ ಅರ್ಥ ಬಂದಿದ್ದು ಇತ್ತೀಚೆಗೆ, ಫೋನ್ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಕೂತ್ಕೊಂಡ್ತು. ಫೋನ್ ಕಂಡುಹಿಡಿದ ಪುಣ್ಯಾತ್ಮನಿಗೆ ಅದು ಬೇಡವಾಗಿತ್ತು. ಹಡಗಿನವರು ಒಬ್ಬರನ್ನೊಬ್ಬರು ಕೂಗೋ ‘ಅಹೋಯ್’ ಇರ್ಲಿ ಅಂದಿದ್ದ. ಯಾರೂ ಕೇಳ್ಲಿಲ್ಲ. ಹಲೋಗಿಂತ ಮುಂಚೆ ಅದು ಹಲ್ಲೋ, ಹೊಲ್ಲೋ ಅಂತೆಲ್ಲ ಇತ್ತು. ದೂರದಲ್ಲಿರೋರ ಗಮನ ಸೆಳೆಯೋ ಕೂಗು, ಬೇಟೆನಾಯಿಗಳನ್ನ ಹುರಿದುಂಬಿಸೋ ಕೂಗು. ಇನ್ನೂ ಹಿಂದೆ ಹೋದ್ರೆ ವಿದ್ವಾಂಸರು ಕಿತ್ತಾಡ್ತಾರೆ. ಫ್ರೆಂಚಿನವರ ‘ಹೋಲಾ’, ಅಂದ್ರೆ ‘ಏಯ್, ನಿಲ್ಲು’, ಅದರಿಂದ ಬಂತು ಅಂತ ಕೆಲವರು. ನನಗೆ ಇಷ್ಟವಾಗೋದು ಇನ್ನೊಂದು. ಹಳೇ ಜರ್ಮನ್ ಭಾಷೇಲಿ ಅಂಥದ್ದೇ ಒಂದು ಮಾತಿತ್ತಂತೆ. ‘ಬಂದು ಕರಕೊಂಡು ಹೋಗು’ ಅಂತ ಅದರ ಅರ್ಥ. ಹೊಳೆ ದಂಡೇಲಿ ನಿಂತು ಅಂಬಿಗನನ್ನ ಹಾಗೆ ಕೂಗ್ತಿದ್ರಂತೆ.”

ಅತ್ತೆಯ ಕೈಯಲ್ಲಿದ್ದ ಕಡ್ಡಿ ನಿಂತಿತು. ಅವರ ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಅವರು ತಮ್ಮ ಪಾಡಿಗೆ ನಗುತ್ತಾ ಎದ್ದು ಹೋದರು.

ಅಂದಿನಿಂದ ಅತ್ತೆ ಅತ್ತೆಯಾಗಿ ಉಳಿಯಲಿಲ್ಲ. ಊಟ ಅರ್ಧಕ್ಕೇ ಬಿಡುವುದು, ಕರೆ ಮುಗಿದ ಮೇಲೂ ಹೆಡ್‌ಫೋನ್ ಕಿವಿಗೆ ಒತ್ತಿ ಹಿಡಿದೇ ಕೂರುವುದು. “ಎಲ್ಲರೂ ಅದನ್ನೇ ಹೇಳ್ತಿದಾರೆ ಕಣೇ,” ಎಂದರು ಒಂದು ಸಂಜೆ ದಾರಿಯಲ್ಲಿ. “ಮಗೂಗೆ ಜ್ವರ ಅಂತಾರೆ, ಡಾಕ್ಟರ್ ಇದಾರಾ ಅಂತಾರೆ. ಅದಕ್ಕೆ ಮೊದಲು, ಬಂದು ಕರಕೊಂಡು ಹೋಗು ಅಂತಾರೆ. ಒಂದೇ ಸಲ ಅಂದು ಸುಮ್ಮನಾದವರನ್ನೆಲ್ಲ ನಾನು ಎಲ್ಲಿ ಬಿಟ್ಟೆ?”

“ಬ್ಲಾಂಕ್ ಕಾಲ್ ಅತ್ತೆ ಅವೆಲ್ಲ. ತಲೆಗೆ ಹಚ್ಕೋಬೇಡಿ,” ಎಂದೆ. ಹೇಳುವಾಗ ನನ್ನ ಮಾತನ್ನು ನಾನೇ ನಂಬಿರಲಿಲ್ಲ.

ಅದಾಗಿ ಕೆಲವು ದಿನಗಳಿಗೆ ಊರಿನ ಮೇಲೆ ಮಂಜು ಇಳಿಯಿತು. ಬೆಳಗ್ಗೆ ಹತ್ತಾದರೂ ಆಸ್ಪತ್ರೆಯ ಗೇಟು ಕಿಟಕಿಯಿಂದ ಕಾಣುತ್ತಿರಲಿಲ್ಲ. ನಾನು ಅತ್ತೆಯ ಕೋಣೆಗೆ ಚಹಾ ತಂದಿದ್ದೆ. ಬೋರ್ಡಿನ ಕೆಳಸಾಲಿನ ಮೂಲೆಯಲ್ಲಿ ಒಂದು ದೀಪಕ್ಕೆ ಬ್ಯಾಂಡೇಜ್ ಟೇಪು ಅಂಟಿಸಿತ್ತು. ಅದು ಹಳೇ ಕಟ್ಟಡದ ಎಕ್ಸ್‌ರೇ ರೂಮಿನ ಲೈನು. ಆ ಕಟ್ಟಡ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಮುರಿದ ಮಂಚಗಳನ್ನು ಒಟ್ಟುತ್ತಿದ್ದರು.

ಟೇಪಿನ ಕೆಳಗೆ ದೀಪ ಹೊತ್ತಿಕೊಂಡಿತು.

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಟೇಪಿನ ಎಳೆ ಎಳೆಯಲ್ಲೂ ಮಂಕು ಬೆಳಕು ಕಾಣಿಸುತ್ತಿತ್ತು. ಅತ್ತೆ ಗುಂಡಿ ಒತ್ತಿದರು. ಹೆಡ್‌ಫೋನ್ ಅವರ ಕಿವಿಯಲ್ಲಿತ್ತು, ನನಗೇನೂ ಕೇಳಿಸಲಿಲ್ಲ. ಅವರ ಮುಖದ ರಕ್ತ ಇಳಿದದ್ದು ಮಾತ್ರ ಕಾಣಿಸಿತು. ಅಭ್ಯಾಸದಂತೆ ಕಾದರು. ನಾನೂ ಕಾದೆ. ಚಹಾದ ಮೇಲೆ ಕೆನೆ ಕಟ್ಟಿತು. ದೀಪ ಆರಲಿಲ್ಲ.

“ಇನ್ನೊಂದು ಸಲ…” ಎಂದು ಪಿಸುಗುಟ್ಟಿದರು. ನನಗಲ್ಲ. ಆಮೇಲೆ ಏನನ್ನಿಸಿತೋ, ಬಾಯಿ ಹತ್ತಿರದ ಮೈಕಿಗೆ ಬಾಗಿ, ಮನೆಯಲ್ಲಿ ಯಾರಾದರೂ ಕರೆದರೆ ಅನ್ನುವ ಹಾಗೆ, “ಬಂದೆ,” ಎಂದರು. ಹೆಡ್‌ಫೋನ್ ಕಿತ್ತಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿದರು. ಡ್ಯೂಟಿಯಲ್ಲಿ ಬೋರ್ಡು ಬಿಟ್ಟು ಅವರು ಎದ್ದದ್ದು ಅದೇ ಮೊದಲು.

ಹಳೇ ಕಟ್ಟಡದ ಕಾರಿಡಾರಿನ ಕಿಟಕಿಗಳಿಗೆ ಗಾಜಿರಲಿಲ್ಲ. ಮಂಜು ಒಳಗೆ ಬಂದು ಮೊಣಕಾಲುದ್ದ ನಿಂತಿತ್ತು. ಅತ್ತೆಯ ಚಪ್ಪಲಿ ಸದ್ದನ್ನು ಹಿಡಿದುಕೊಂಡೇ ನಾನು ನಡೆದೆ. ಎಕ್ಸ್‌ರೇ ರೂಮಿನ ಬಾಗಿಲು ಅರೆ ತೆರೆದಿತ್ತು. ಕಬ್ಬಿಣದ ಮಂಚಗಳ ನಡುವೆ ಮೇಷ್ಟ್ರು ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಕಣ್ಣು ತೆರೆದೇ ಇತ್ತು, ಅದು ನಮ್ಮನ್ನು ನೋಡುತ್ತಿತ್ತು. ಫೋನ್ ಇದ್ದ ಗೋಡೆಯಲ್ಲಿ ಎರಡು ಬೋಳು ತಂತಿ ನೇತಾಡುತ್ತಿದ್ದವು. ನಾನು ಕಿರುಚಿದ್ದು ಹೊಸ ಕಟ್ಟಡಕ್ಕೂ ಕೇಳಿಸಿತಂತೆ.

ಮೇಷ್ಟ್ರು ಬದುಕಿಕೊಂಡರು. ಅವರು ಅತ್ತೆಯ ಕೋಣೆಯಲ್ಲಿದ್ದಾರೆಂದು ವಾರ್ಡಿನ ನರ್ಸು ತಿಳಿದಿದ್ದರು, ವಾರ್ಡಿನಲ್ಲಿದ್ದಾರೆಂದು ಅತ್ತೆ ತಿಳಿದಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು. “ಆದ್ರೆ ಅವರು ಕೂಗಿರೋಕೆ ಸಾಧ್ಯ ಇಲ್ಲ. ಬಿದ್ದಾಗಲೇ ಮಾತು ಹೋಗಿದೆ,” ಎಂದೂ ಹೇಳಿದರು. ಎಲೆಕ್ಟ್ರಿಷಿಯನ್ ಬಂದು ನೋಡಿ, ಮಂಜಿಗೆ ತಂತಿ ಒದ್ದೆಯಾಗಿ ಒಂದಕ್ಕೊಂದು ತಾಗಿರಬೇಕು, ದೀಪ ಹತ್ತುವುದಕ್ಕೆ ಅಷ್ಟು ಸಾಕು ಎಂದ. ದನಿ ಹೇಗೆ ಬಂತಪ್ಪಾ ಎಂದರೆ ತಲೆ ಕೆರೆದುಕೊಂಡ.

ಆಸ್ಪತ್ರೆಗೆ ಆಸ್ಪತ್ರೆಯೇ ಅತ್ತೆಯನ್ನು ಹೊಗಳಲು ನಿಂತಿತು. ಮೇಷ್ಟ್ರ ಮಗಳು ಬಂದು ಕಾಲಿಗೇ ಬಿದ್ದಳು. ಅತ್ತೆ ಮಾತ್ರ ಬೋರ್ಡಿನ ಮುಂದೆ ಕೂತು, ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಸಂತೋಷದ ಅಳು ಎಂದುಕೊಂಡು ಎಲ್ಲರೂ ಹೊರಗೆ ಹೋದರು. ನಾನು ಉಳಿದೆ.

“ಯಾರ ದನಿ ಅತ್ತೆ?”

“ಅಪ್ಪಂದು. ಒಂದಿಷ್ಟೂ ವಯಸ್ಸಾಗಿಲ್ಲ ಕಣೇ. ಈಗ ನನಗಿಂತ ಚಿಕ್ಕವರು ಅವರು.” ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಒಂದೇ ಸಲ ಕೂಗಿದ್ರು. ಹೋದೆ. ಹೋದ್ರೆ ಅಲ್ಲಿ ಒಂದು ಜೀವ ಇತ್ತು. ಹಾಗಾದ್ರೆ ಅವತ್ತೂ ಇತ್ತು ತಾನೆ? ನೀರು ಕುಡೀತಾ ಇರೋನಿಗೆ ಎರಡನೇ ಸಲ ಕೂಗೋಕೆ ಉಸಿರೆಲ್ಲಿರುತ್ತೆ?”

ನಾನು ಅವರ ಕೈ ಹಿಡಿದುಕೊಂಡು ಕೂತೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಸಂಜೆ ಮನೆಗೆ ಬಂದವಳೇ, “ಅಜ್ಜೀ, ಅತ್ತೆ ಇವತ್ತು ಒಂದು ಜೀವ ಉಳಿಸಿದ್ರು! ಮಂಜಲ್ಲಿ ಯಾರೋ ಕೂಗಿದ್ರಂತ ಓಡಿ ಹೋಗಿ…” ಎಂದು ಶುರುಮಾಡಿಬಿಟ್ಟೆ. ಅತ್ತೆಯ ಮುಖ ನೋಡಿ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು. ಹಾಸಿಗೆ ಹಿಡಿದಿದ್ದ ಅಜ್ಜಿ ಮೊಣಕೈ ಊರಿ ಎದ್ದು ಕೂತರು. ಅವರು ಹಾಗೆ ತಾವಾಗಿ ಎದ್ದು ಕೂತದ್ದನ್ನು ನಾನು ನೋಡಿ ತಿಂಗಳುಗಳೇ ಆಗಿದ್ದವು. ಕಣ್ಣು ಕಾಣದಿದ್ದರೂ ಮುಖವನ್ನು ಮಗಳ ಕಡೆ ಎತ್ತಿದರು.

“ಕೂಗಿದ್ರಾ? ಎಷ್ಟು ಸಲ ಕೂಗಿದ್ರೇ?”

ಅತ್ತೆ ಹತ್ತಿರ ಹೋಗಿ ಕೂತು, ಅಜ್ಜಿಯ ಬೆನ್ನ ಹಿಂದಿನ ದಿಂಬು ಸರಿಮಾಡಿದರು.

“ಎರಡು ಸಲ ಅಮ್ಮಾ,” ಎಂದರು. “ಎರಡು ಸಲ ಕೂಗಿದ್ರು. ಅದಕ್ಕೇ ಹೋದೆ.”