ಟವಲಿನ ಕೆಳಗಿನ ಓಟು

ಜಗತ್ತಿನ ಗ್ರೇಟೆಸ್ಟ್ ಕ್ರಿಕೆಟರ್ ಯಾರು ಎಂಬುದು, ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ಬೇಸಿಗೆಯಿಡೀ ಶ್ರೀನಿವಾಸಪುರದ ನಮ್ಮ ಜಗುಲಿಯಲ್ಲಿ ತೀರ್ಮಾನವಾಗಲೇ ಇಲ್ಲ. ನನ್ನ ವಿಷಯ ಮಾತ್ರ ಒಂದೇ ಸಂಜೆಗೆ ತೀರ್ಮಾನವಾಯಿತು.

ಬೆಂಗಳೂರಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಇನ್ನೊಂದೇ ವರ್ಷ, ಫೈನಲ್ ಇಯರ್. ಮಾವಿನ ಸುಗ್ಗಿ ಮುಗಿದ ಕೂಡಲೇ ವಾಪಸ್ ಕಳಿಸುತ್ತೇನೆಂದು ಅಪ್ಪ ಪ್ರಾಮಿಸ್ ಮಾಡಿದ್ದರು. ಟ್ರಂಕು ಆಗಲೇ ಸಿದ್ಧವಾಗಿತ್ತು.

ಕೋಲಾರದ ಬಸ್ಸಿನಲ್ಲಿ ಸಂಜೆ ಇಂಗ್ಲಿಷ್ ಪೇಪರ್ ಬರುತ್ತಿತ್ತು. ಸ್ಕೋರು ಓದಿ ಕನ್ನಡದಲ್ಲಿ ಹೇಳುವುದು ನನ್ನ ಡ್ಯೂಟಿ. ನಮ್ಮ ತೋಪಿನ ಕಾಯಿ ಕೊಳ್ಳುತ್ತಿದ್ದ ಮಂಡಿ ಸಾಹುಕಾರರಿಗೆ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ನೇ ದೇವರು, ಅಪ್ಪನಿಗೆ ನಮ್ಮ ದೇಶದವನು. ಇಬ್ಬರೂ ಒಂದು ಮ್ಯಾಚನ್ನೂ ಕಣ್ಣಾರೆ ಕಂಡವರಲ್ಲ.

"ಅವನು ಹೊಡೆದ್ರೆ ಬಾಲು ಮುಳಬಾಗಿಲಲ್ಲಿ ಬೀಳ್ತದೆ ಕಣಯ್ಯ!" ಎನ್ನುವರು ಸಾಹುಕಾರರು.

"ನಿಮ್ಮೋನು ನಮ್ಮ ಬಿಸಿಲಲ್ಲಿ ಒಂದು ಗಂಟೆ ನಿಲ್ಲಲಿ, ಆಮೇಲೆ ಮಾತಾಡಿ."

"ಬೌಲರ್‌ಗಳನ್ನ ಯಾಕೆ ಲೆಕ್ಕಕ್ಕೆ ತಗೊಳ್ಳಲ್ಲ?" ಎಂದೆ ಒಮ್ಮೆ.

"ನೀನು ಓದಮ್ಮ," ಎಂದರು ಅಪ್ಪ.

ಜಗಳ ಮೀರಿದರೆ ಜಗುಲಿಯ ಗಂಡಸರೆಲ್ಲ ಓಟು ಹಾಕುವರು. ಅದೂ ಮಂಡಿಯಲ್ಲಿ ಮಾವಿನ ರೇಟು ಕುದುರಿಸುವ ಹಾಗೆಯೇ, ಕೈಗಳ ಮೇಲೆ ಟವಲ್ ಹೊದಿಸಿ, ಯಾರಿಗೂ ಕಾಣದಂತೆ ಬೆರಳು ಹಿಡಿದು. ಒಂದು ಬೆರಳೆಂದರೆ ಆಸ್ಟ್ರೇಲಿಯಾ, ಎರಡೆಂದರೆ ನಮ್ಮವನು. ಹೆಣ್ಣುಮಗಳ ಕೈಗೆ ಆ ಟವಲಿನ ಕೆಳಗೆ ಜಾಗವಿರಲಿಲ್ಲ.

ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಓದುತ್ತ ತಲೆಯೆತ್ತಿದರೆ, ಅಪ್ಪನ ಕೈಯೂ ಸಾಹುಕಾರರ ಕೈಯೂ ಟವಲಿನ ಕೆಳಗಿದ್ದವು. ಇಬ್ಬರ ಮುಖದಲ್ಲೂ ನಗು. ನಾನೂ ನಕ್ಕೆ.

"ಯಾರು ಗೆದ್ರಪ್ಪಾ?"

"ಇಬ್ರೂ ಗೆದ್ವಮ್ಮ," ಎಂದರು ಸಾಹುಕಾರರು, ಟವಲ್ ಕೊಡವುತ್ತ.

ಡ್ರಾ ಆಗಿರಬೇಕೆಂದುಕೊಂಡು ಒಳಗೆ ಹೋದೆ. ಅಮ್ಮ ಸಕ್ಕರೆ ಡಬ್ಬಿ ತೆಗೆಯುತ್ತಿದ್ದರು. "ಕ್ರಿಕೆಟ್ಟೂ ಇಲ್ಲ ಏನೂ ಇಲ್ಲ. ಟವಲ್ ಹಾಕಿದ್ದು ನಿನ್ನ ವಿಷಯಕ್ಕೆ ಕಣೇ. ಸಾಹುಕಾರ್ರ ಮಗನಿಗೆ ಕೊಡ್ತೀನಿ ಅಂತ ನಿಮ್ಮಪ್ಪ ಬೆಳಿಗ್ಗೆನೇ ಅಂದಿದ್ರು."

ಜಗುಲಿಗೆ ಓಡಿದೆ. "ಅಪ್ಪಾ, ಸ್ಕೂಲು?"

ಅಪ್ಪ ಪೇಪರ್ ಮಡಿಸತೊಡಗಿದರು. ಸಾಹುಕಾರರೇ ತೆಲುಗು ಬೆರೆಸಿ ಹೇಳಿದರು: "ಅದಂತಾ ಇಂಕ ವದ್ದಮ್ಮ, ಸ್ಕೂಲು ಸಾಕು. ಪೇಪರ್ ಓದೋಷ್ಟು ಇಂಗ್ಲಿಷ್ ಬಂತಲ್ಲ."

ಅದೇ ಟ್ರಂಕಿನಲ್ಲಿ ಯೂನಿಫಾರ್ಮ್ ತೆಗೆದು ಸೀರೆ ತುಂಬಿದರು.

ಮುಂದಿನ ಬೇಸಿಗೆಯಲ್ಲಿ ಚರ್ಚೆ ಸಾಹುಕಾರರ ಜಗುಲಿಗೆ ಬಂತು. ಸೊಸೆ ಗಂಡಸರ ಎದುರು ಕೂರುವಂತಿಲ್ಲ. ಬಾಗಿಲ ಹಿಂದೆ ನಿಂತು ಓದುತ್ತಿದ್ದೆ. ಅಪ್ಪ ಬೀಗರ ಮನೆಯ ಕಾಫಿ ಕುಡಿಯುತ್ತ, "ಗಟ್ಟಿಯಾಗಿ ಓದಮ್ಮ, ಕೇಳಿಸ್ತಿಲ್ಲ," ಎಂದರು.

ಗಟ್ಟಿಯಾಗಿಯೇ ಓದಿದೆ. ಪೇಪರಿನಲ್ಲಿ ಏನಿತ್ತೋ ಇರಲಿ, ಆ ಸಂಜೆ ಇಬ್ಬರ ದೇವರುಗಳೂ ಬೌಲರ್‌ಗಳ ಕೈಲಿ ಸೊನ್ನೆಗೆ ಔಟಾದರು.



"ಪೇಪರ್‌ನೋರು ತಪ್ಪು ಹಾಕಿರ್ತಾರೆ ಬಿಡು," ಎಂದರು ನನ್ನ ಮಾವ.

"ಹ್ಞೂ, ಅವರದ್ದೇ ತಪ್ಪು," ಎಂದರು ಅಪ್ಪ. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಓಟು. ಬಾಗಿಲ ಹಿಂದಿನವಳ ಮೇಲೆ ಯಾರಿಗೂ ಅನುಮಾನ ಕೂಡ ಬರಲಿಲ್ಲ.