ಹನ್ನೆರಡು ನಿಮಿಷ ತೆರೆದಿದ್ದ ವರದಿ

2008ರ ಆಗಸ್ಟ್ 19ರಂದು, ಏಲೂರಿನ ಕಾರ್ಖಾನೆಯೊಂದರ ಗುತ್ತಿಗೆ ಕಾರ್ಮಿಕ ಉಮಾಮಹೇಶ್ವರ ಅವರ ರಕ್ತಪರೀಕ್ಷೆಯ ವರದಿಯನ್ನು ಅವರ ಮೇಸ್ತ್ರಿ ತನ್ನ ಕಂಪ್ಯೂಟರಿನಲ್ಲಿ ಓದಿದ. ಹೆಪಟೈಟಿಸ್ ಬಿ ಎಂದಿತ್ತು. ಮರುದಿನ ಗೇಟಿನಲ್ಲಿ ಉಮಾಮಹೇಶ್ವರರ ಪಾಸು ಕಿತ್ತುಕೊಂಡರು.

ಈಗ ಸೆಪ್ಟೆಂಬರ್. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಬೆಳಗಿನ ಆರು ಗಂಟೆ. ಆಲುವದಿಂದ ಮೊದಲ ಬಸ್ಸಿಗೆ ಬಂದಿರುವ ಕುಸುಮಾವತಿ ಎರಡು ಹಳೆಯ ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತಾರೆ. ಒಂದರಲ್ಲಿ ಹಾಲಪ್ಪನ ಹೆಸರಿನಲ್ಲಿ ಲಾಗಿನ್ ಆಗುತ್ತಾರೆ, ಇನ್ನೊಂದರಲ್ಲಿ ನಿರ್ಮಲಳ ಹೆಸರಿನಲ್ಲಿ. ಇಬ್ಬರೂ ಭೂಮಿಯ ಮೇಲೆ ಇಲ್ಲ; ಪರೀಕ್ಷೆಗೆಂದು ಇವರೇ ಹುಟ್ಟಿಸಿದವರು. ಹಾಲಪ್ಪನಿಗೆ ಸಕ್ಕರೆ ಕಾಯಿಲೆ, ನಿರ್ಮಲಳಿಗೆ ಬಸುರು, ನಾಲ್ಕು ತಿಂಗಳು.

“ಹಾಲಪ್ಪನಿಗೆ ನಾಲ್ಕು ತಿಂಗಳು ಅಂತ ಬಂತಾ, ನನ್ನ ಕತೆ ಮುಗಿಯಿತು ಮಾರಾಯ್ರೆ” ಎಂದು ಪಕ್ಕದಲ್ಲಿ ಕುಳಿತ ನನಗೆ ಹೇಳುತ್ತಾರೆ.

ನೆಲ ಒರೆಸುತ್ತಿರುವ ಪ್ರೇಮ ಮಲಯಾಳದಲ್ಲಿ ಚುಡಾಯಿಸುತ್ತಾರೆ: “ದಿನಾ ಪಕ್ಕಪಕ್ಕ ಕೂರಿಸ್ತೀಯಲ್ಲ ಮೋಳೇ, ಮದುವೆ ಮಾಡಿಸಿಬಿಡು.”

“ಅವಳಿಗೆ ಆಗಲೇ ನಾಲ್ಕು ತಿಂಗಳು, ಚೇಚಿ!”

ಬದಿಯಡ್ಕದ ಕುಸುಮಾವತಿಗೆ ಮೂವತ್ತೊಂದು ವರ್ಷ. ಏಳು ಪ್ರಯೋಗಾಲಯಗಳ ವರದಿಗಳನ್ನು ಕಾರ್ಮಿಕರಿಗೆ ತೋರಿಸುವ ಜಾಲತಾಣವೊಂದನ್ನು ನಾಲ್ಕು ವರ್ಷದಿಂದ ಕುಸಿಯದಂತೆ ನೋಡಿಕೊಳ್ಳುತ್ತಿದ್ದಾರೆ. ಅದರಲ್ಲಿ ಹೆಸರು ನೋಂದಾಯಿಸಿದವರು ಹದಿನೆಂಟು ಸಾವಿರ. ಅವರಲ್ಲಿ ಒಬ್ಬರಿಗೂ ಇವರ ಹೆಸರು ಗೊತ್ತಿಲ್ಲ. ಇವರದೂ ಗುತ್ತಿಗೆಯ ಕೆಲಸವೇ. ಆರು ತಿಂಗಳಿಗೊಮ್ಮೆ ನವೀಕರಣ. ಈ ಸಲದ್ದು ತಿಂಗಳ ಕೊನೆಗೆ ಆಗಬೇಕು.

ಒಮ್ಮೆ ತಯಾರಾದ ಪುಟದ ಪ್ರತಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಟ್ಟರೆ ಜಾಲತಾಣ ಚುರುಕಾಗುತ್ತದೆ. ಇದನ್ನು ಕ್ಯಾಶಿಂಗ್ ಎನ್ನುತ್ತಾರೆ. ಮುಖಪುಟಕ್ಕೆ ಅದು ಸರಿ. ಆದರೆ ಲಾಗಿನ್ ಆದವರು ತೆರೆಯುವ ‘ನನ್ನ ವರದಿ’ ಪುಟದ ವಿಳಾಸ ಎಲ್ಲರಿಗೂ ಒಂದೇ, ಒಳಗಿರುವುದು ಮಾತ್ರ ಒಬ್ಬೊಬ್ಬರದು ಒಂದೊಂದು. ಅದರ ಪ್ರತಿ ಇಡಕೂಡದು, ಪ್ರತಿ ಸಲ ಹೊಸದಾಗಿ ತಯಾರಿಸಬೇಕು. ಕುಸುಮಾವತಿ ಬರೆದಿಟ್ಟ ನಿಯಮ ಇದು. ಅದು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ದಿನ ಬೆಳಗಾದರೆ ಹಾಲಪ್ಪ, ನಿರ್ಮಲ.

ಆಗಸ್ಟ್ 19ರಂದು ಬೆಳಿಗ್ಗೆಯೂ ನೋಡಿದ್ದರು, ಸರಿಯಿತ್ತು. ಹನ್ನೊಂದು ಇಪ್ಪತ್ತಕ್ಕೆ ತಿರುವನಂತಪುರಕ್ಕೆ ಹೋಗಿದ್ದ ಮೇಲಧಿಕಾರಿ ವಿಶ್ವಾಸ್ ಅಲ್ಲಿಂದ ಫೋನ್ ಮಾಡಿದರು. ಹೊಸ ಗಿರಾಕಿಗಳ ಮುಂದೆ ಜಾಲತಾಣ ತೋರಿಸುತ್ತಿದ್ದರು; ವರದಿಯ ಪುಟ ತೆರೆಯಲು ಒಂಬತ್ತು ಸೆಕೆಂಡು ಹಿಡಿಯುತ್ತಿತ್ತು.

“ಎಲ್ಲ ಸೀಲಿಂಗ್ ನೋಡ್ತಾ ಕೂತಿದ್ದಾರೆ, ಹತ್ತು ನಿಮಿಷ ಆ ರೂಲ್ ತೆಗೀರಿ ಅಂದರು. ತೆಗೆದೆ” ಎನ್ನುತ್ತಾರೆ ಕುಸುಮಾವತಿ. “ಇಬ್ಬರನ್ನೂ ಇನ್ನೊಮ್ಮೆ ಲಾಗಿನ್ ಮಾಡಿ ನೋಡಬೇಕಿತ್ತು. ಬೆಳಿಗ್ಗೆ ನೋಡಿ ಆಗಿದೆಯಲ್ಲ ಅಂತ ಬಿಟ್ಟೆ. ಎಂತ ಹೇಳುವುದು, ನನ್ನ ಕೈಯಿಂದಲೇ ಆದದ್ದು.”

ನಿಯಮ ಇಲ್ಲದಿದ್ದದ್ದು ಹನ್ನೆರಡು ನಿಮಿಷ. ಆ ಹೊತ್ತಿನಲ್ಲಿ ‘ನನ್ನ ವರದಿ’ ತೆರೆದವರು ನಲವತ್ತೊಂದು ಮಂದಿ. ಮೊದಲಿಗರು ಉಮಾಮಹೇಶ್ವರ. ಉಳಿದ ನಲವತ್ತು ಮಂದಿಗೆ ಕಂಡದ್ದು ಅವರ ವರದಿ. ಆ ನಲವತ್ತರಲ್ಲಿ, ತನ್ನ ವರದಿ ನೋಡಲು ಹೋದ ಮೇಸ್ತ್ರಿಯೂ ಒಬ್ಬ.

ಕುಸುಮಾವತಿಗೆ ಇದು ತಿಳಿದದ್ದು ಮರುದಿನ, ದಾಖಲೆ ತೆಗೆದು ನೋಡಿದಾಗ. ವಿಶ್ವಾಸರಿಗೆ ಹೇಳಿದರು, ಸುಮ್ಮನಿರಿ ಎಂಬ ಉತ್ತರ ಬಂತು. ಭಾನುವಾರ ಬಸ್ಸು ಹತ್ತಿ ಏಲೂರಿಗೆ ಹೋಗಿ, ಉಮಾಮಹೇಶ್ವರರ ಕೋಣೆಯ ಬಾಗಿಲಲ್ಲಿ ನಿಂತು, ನಡೆದದ್ದನ್ನು ಹೇಳಿ ಬಂದರು.

“ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ ಕಣ್ರೀ” ಎನ್ನುತ್ತಾರೆ ಚಿತ್ರದುರ್ಗದ ಕಡೆಯ ಉಮಾಮಹೇಶ್ವರ. “ಡಬ್ಬಿ ದೂರ ಇಟ್ಕೊ ಅಂತ ಜೊತೆಗೆ ಉಣ್ಣೋರೇ ಅಂದ್ರು. ಹೆಸರು ಹಾಕ್ರಿ, ಪರವಾಗಿಲ್ಲ. ಇನ್ನು ಮುಚ್ಚಿಡೋಕೆ ಏನೈತೆ?” ಅವರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾರೆ. ವರದಿ ಹೊರಬಿದ್ದದ್ದು ಹೇಗೆ ಎಂದು ಇಲಾಖೆ ಜಾಲತಾಣದ ಕಂಪನಿಯನ್ನು ಕೇಳಿದೆ. ಕೆಲಸ ಮರಳಿ ಸಿಗುವುದು ಬಿಡುವುದು ಆ ಉತ್ತರದ ಮೇಲೆ ನಿಂತಿದೆ.

ಹತ್ತೂವರೆಗೆ ವಿಶ್ವಾಸ್ ಇಲಾಖೆಗೆ ಕಳಿಸಬೇಕಾದ ಉತ್ತರದ ಹಾಳೆ ಹಿಡಿದು ಬರುತ್ತಾರೆ. ನಾನು ಪತ್ರಿಕೆಯವನೆಂದು ಅವರಿಗೆ ಗೊತ್ತು. ಆದರೂ ಮೈಸೂರು ಕಡೆಯವರಾದ ಅವರು ದನಿ ತಗ್ಗಿಸುವುದಿಲ್ಲ.

“ಕುಸುಮಾ ಅವ್ರೇ, ಒಂದೇ ಲೈನು. ಬಳಕೆದಾರ ತನ್ನ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟಿದ್ದ, ಅಷ್ಟೆ. ಸೈನ್ ಹಾಕ್ಬಿಡಿ, ನಿಮ್ಮ ರಿನ್ಯೂವಲ್ ಇವತ್ತೇ ಕಳಿಸ್ತೀನಿ.”

“ಅವರು ಕೊಡಲಿಲ್ಲ ಸರ್. ಕೊಟ್ಟದ್ದು ನಾವು.”

“ಅದು ನಂಗೂ ಗೊತ್ತು ರೀ. ಆ ಮನುಷ್ಯನ್ನ ಹೇಗೂ ಒಳಗೆ ಬಿಟ್ಕೊಳಲ್ಲ. ನೀವ್ಯಾಕೆ ಅವನ ಜೊತೆ ಹೊರಗೆ ಹೋಗ್ತೀರಿ?”

ಕುಸುಮಾವತಿ ಹಾಳೆಯನ್ನು ಪೂರ್ತಿ ಓದುತ್ತಾರೆ, ಮೇಜಿನ ಆಚೆ ಬದಿಗೆ ಸರಿಸುತ್ತಾರೆ.

“ನಿಯಮ ತೆಗೆದದ್ದು ನಾನು. ತೆಗೆಯಲಿಕ್ಕೆ ಹೇಳಿದ್ದು ನೀವು. ಅದು ಬೇಕಾದರೆ ಈಗಲೇ ಬರೆದು ಕೊಡುತ್ತೇನೆ. ಇದಕ್ಕೆ ನಾನು ಸಹಿ ಹಾಕುವುದಿಲ್ಲ.”